ವಯಸ್ಸಾದ ಬೆಕ್ಕು ಜಾಸ್ತಿ ನೀರು ಕುಡಿಯುತ್ತಿದೆಯೇ? ಕಿಡ್ನಿ ಕಾಯಿಲೆ ಗುರುತಿಸುವುದು ಹೀಗೆ

"ಬೆಕ್ಕಿಗೆ ಹನ್ನೆರಡು ವರ್ಷ. ಊಟ ಪರವಾಗಿಲ್ಲ, ಆದರೆ ಸಣ್ಣ ಆಗ್ತಾ ಇದೆ. ನೀರು ತುಂಬಾ ಕುಡೀತದೆ. ವಯಸ್ಸಾಯ್ತು ಅಂತ ಬಿಡಬಹುದಾ?"

ಸಾಗರದಿಂದ, ತೀರ್ಥಹಳ್ಳಿಯಿಂದ, ಶಿವಮೊಗ್ಗ ಪೇಟೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಉತ್ತರ: ಬಿಡಬಾರದು. ವಯಸ್ಸು ಒಂದು ಕಾಯಿಲೆಯಲ್ಲ. ಹತ್ತು ವರ್ಷ ದಾಟಿದ ಬೆಕ್ಕು ಸಣ್ಣಗಾಗುತ್ತಿದೆ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಬಹಳ ಸಲ ಕಿಡ್ನಿಯಲ್ಲಿರುತ್ತದೆ. ಬೇಗ ಗೊತ್ತಾದರೆ ಊಟ, ನೀರು, ಔಷಧದಿಂದ ಎಷ್ಟೋ ಬೆಕ್ಕುಗಳು ಆಮೇಲೂ ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತವೆ. ತಡವಾಗಿ ಗೊತ್ತಾದರೆ ಡಾಕ್ಟರ ಕೈಯಲ್ಲೂ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ.

ಹಾಗಾಗಿ ಮನೆಯಲ್ಲಿ ಏನು ನೋಡಬೇಕು, ಹೇಗೆ ಅಳೆಯಬೇಕು, ಯಾವಾಗ ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಹೊರಡಬೇಕು, ಎಲ್ಲವನ್ನೂ ಒಂದೊಂದಾಗಿ ಬರೆದಿದ್ದೇನೆ.

ಮೊದಲು ಕಿಡ್ನಿಯ ಕೆಲಸ ತಿಳಿದುಕೊಳ್ಳಿ

ರಕ್ತದಲ್ಲಿ ಸೇರುವ ಕಶ್ಮಲವನ್ನು ಸೋಸಿ ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಮೈಯಲ್ಲಿರುವ ನೀರನ್ನು ಉಳಿಸುವುದೂ ಅದರದೇ ಕೆಲಸ. ಬೆಕ್ಕು ಈ ಎರಡನೆಯದರಲ್ಲಿ ಬಹಳ ಗಟ್ಟಿ. ಒಣ ನಾಡಿನ ಕಾಡುಬೆಕ್ಕುಗಳ ವಂಶ ಅದು. ಅದಕ್ಕೇ ಆರೋಗ್ಯವಾಗಿರುವ ಬೆಕ್ಕಿನ ಉಚ್ಚೆ ಸ್ವಲ್ಪವೇ ಇರುತ್ತದೆ, ಬಣ್ಣ ಗಾಢ, ವಾಸನೆ ಘಾಟು.

ಕಿಡ್ನಿಯೊಳಗೆ ಸೋಸುವ ಕೆಲಸ ಮಾಡುವ ತೀರಾ ಸಣ್ಣ ಭಾಗಗಳಿಗೆ ನೆಫ್ರಾನ್ ಎನ್ನುತ್ತಾರೆ. ಒಮ್ಮೆ ಹಾಳಾದ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಆ ಹೊರೆಯನ್ನೂ ಹೊರುತ್ತವೆ, ಹಾಗಾಗಿ ತುಂಬಾ ದಿನ ಹೊರಗೆ ಏನೂ ಕಾಣುವುದಿಲ್ಲ. ಸುಮಾರು ಮೂರರಲ್ಲಿ ಎರಡು ಭಾಗ ಹೋದ ಮೇಲೆ ನೀರು ಉಳಿಸುವ ಶಕ್ತಿ ಕಡಿಮೆಯಾಗುತ್ತದೆ. ಸುಮಾರು ಮುಕ್ಕಾಲು ಭಾಗ ಹೋದ ಮೇಲೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರುತ್ತದೆ. ಇದು ಸ್ನಾಯುಗಳಿಂದ ಬರುವ ಒಂದು ಕಶ್ಮಲ, ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಯಲು ಇದನ್ನು ಅಳೆಯುತ್ತಾರೆ. ವಾಂತಿ, ಊಟ ಬಿಡುವುದು, ಮೂಲೆ ಹಿಡಿದು ಮಲಗುವುದು ಹೆಚ್ಚಾಗಿ ಅದಕ್ಕೂ ಆಮೇಲೆ.

ಇಲ್ಲೊಂದು ತಪ್ಪು ತಿಳುವಳಿಕೆ ಇದೆ. "ಉಚ್ಚೆ ಚೆನ್ನಾಗಿ ಹೋಗ್ತಾ ಇದೆ, ಹಾಗಾಗಿ ಕಿಡ್ನಿ ಸರಿಯಾಗೇ ಇದೆ" ಎನ್ನುತ್ತಾರೆ. ವಯಸ್ಸಾದ ಬೆಕ್ಕಿಗೆ ನಿಧಾನವಾಗಿ ಬರುವ ಕಿಡ್ನಿ ಕಾಯಿಲೆಯಲ್ಲಿ ಉಚ್ಚೆ ಜಾಸ್ತಿಯಾಗುತ್ತದೆ. ಬಣ್ಣ ತಿಳಿಯಾಗುತ್ತದೆ, ಘಾಟು ಹೋಗುತ್ತದೆ. ಹಾಗೆ ಹೋದ ನೀರನ್ನು ತುಂಬಿಸಿಕೊಳ್ಳಲು ಬೆಕ್ಕು ಮತ್ತೆ ಮತ್ತೆ ಕುಡಿಯುತ್ತದೆ.

ಏನೇನು ಬೇಕು

ಒಂದು ತೂಕದ ಯಂತ್ರ, ಅಳತೆ ಗೆರೆ ಇರುವ ಲೋಟ, ಉಚ್ಚೆಗೆ ಇಡಲು ಅಗಲವಾದ ಟ್ರೇ ಅಥವಾ ಹಳೆಯ ಬೇಸಿನ್, ಒಂದು ನೋಟ್‌ಬುಕ್. ಮೊಬೈಲ್ ಹೇಗೂ ಇರುತ್ತದೆ. ಬೆಕ್ಕಿಗೆ ಹತ್ತು ವರ್ಷ ತುಂಬಿದ ಮೇಲೆ, ಏನೂ ತೊಂದರೆ ಕಾಣದಿದ್ದರೂ ಇದನ್ನು ಶುರು ಮಾಡಿ. ಹತ್ತು ವರ್ಷದ ಬೆಕ್ಕು ಎಂದರೆ ಮನುಷ್ಯರ ಲೆಕ್ಕದಲ್ಲಿ ಐವತ್ತೈದು ದಾಟಿದವರ ಹಾಗೆ. ಪರ್ಷಿಯನ್ ಬೆಕ್ಕಾದರೆ ಇನ್ನೂ ಬೇಗ ಶುರು ಮಾಡಿ. ಆ ತಳಿಯಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆ ವಂಶಪಾರಂಪರ್ಯವಾಗಿ ಬರುತ್ತದೆ.

1. ತಿಂಗಳಿಗೊಮ್ಮೆ ತೂಕ ನೋಡಿ

ಒಂದೇ ಒಂದು ಕೆಲಸ ಮಾಡಲು ಸಮಯ ಇದ್ದರೆ ಇದನ್ನು ಮಾಡಿ. ದಿನವೂ ನೋಡುವ ಬೆಕ್ಕು ಸಣ್ಣಗಾಗುವುದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲ, ಚಳಿಗಾಲದಲ್ಲಿ ಕೂದಲು ದಟ್ಟವಾಗಿ, ಮೈ ತುಂಬಿಕೊಂಡ ಹಾಗೇ ಕಾಣುತ್ತದೆ. ಮುಟ್ಟಿ ನೋಡಿದರೆ ಬೆನ್ನುಮೂಳೆ ಕೈಗೆ ಸಿಗುತ್ತದೆ.

ಅಡಿಕೆ ತೂಗುವ ಡಿಜಿಟಲ್ ತೂಕದ ಯಂತ್ರ ಮನೆಯಲ್ಲಿದ್ದರೆ ಒಳ್ಳೆಯದು. ಬುಟ್ಟಿ ಇಟ್ಟು ಸೊನ್ನೆ ಮಾಡಿಕೊಳ್ಳಿ, ಬೆಕ್ಕನ್ನು ಬುಟ್ಟಿಯೊಳಗೆ ಕೂರಿಸಿ. ಅದಿಲ್ಲದಿದ್ದರೆ ಬೆಕ್ಕನ್ನು ಚೀಲದಲ್ಲಿ ಕೂರಿಸಿ ತೂಗುಹಾಕುವ ಸಣ್ಣ ಡಿಜಿಟಲ್ ತಕ್ಕಡಿಗೆ ಸಿಕ್ಕಿಸಬಹುದು. ನೀವು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ವಿಧಾನದಲ್ಲಿ 100–200 ಗ್ರಾಂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮಗೆ ಬೇಕಾಗಿರುವುದು ಆ ವ್ಯತ್ಯಾಸವೇ.

4 ಕೆ.ಜಿ. ಬೆಕ್ಕು 400 ಗ್ರಾಂ ಇಳಿದರೆ ಅದು ಮೈತೂಕದ ನೂರಕ್ಕೆ ಹತ್ತು ಭಾಗ. 60 ಕೆ.ಜಿ. ತೂಕದ ಮನುಷ್ಯ 6 ಕೆ.ಜಿ. ಇಳಿದ ಲೆಕ್ಕ. ಹೀಗಾದರೆ ಇನ್ನೇನನ್ನೂ ಕಾಯದೆ ಡಾಕ್ಟರ ಹತ್ತಿರ ಹೋಗಿ. ನೂರಕ್ಕೆ ಐದರಷ್ಟು ಇಳಿದಿದ್ದರೆ ಎರಡು ವಾರ ಬಿಟ್ಟು ಮತ್ತೆ ತೂಗಿ. ಇನ್ನೂ ಇಳಿದಿದ್ದರೆ ಹೊರಡಿ.

ತಾರೀಖು ಸಮೇತ ಬರೆದಿಡಿ. ಡಾಕ್ಟರಿಗೆ "ಸ್ವಲ್ಪ ಸಣ್ಣ ಆಗಿದೆ" ಎನ್ನುವುದಕ್ಕಿಂತ ಬರೆದಿಟ್ಟ ಅಂಕಿ ಸಾವಿರ ಪಾಲು ಉಪಯೋಗಕ್ಕೆ ಬರುತ್ತದೆ.

2. ನೀರು ಎಷ್ಟು ಕುಡಿಯುತ್ತದೆ ನೋಡಿ

ಪೇಟೆಯ ಮನೆಯಲ್ಲಿ ಒಳಗೇ ಇರುವ ಬೆಕ್ಕಾದರೆ ಇದು ಸುಲಭ. ಬೆಳಿಗ್ಗೆ ಅಳತೆ ಮಾಡಿ ನೀರು ಇಡಿ, ಮಾರನೇ ದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ಮೂರು ದಿನ ಹೀಗೆ ಮಾಡಿ. ದಿನಕ್ಕೆ ಪ್ರತಿ ಕೆ.ಜಿ. ಮೈತೂಕಕ್ಕೆ 50 ಮಿ.ಲೀ.ಗಿಂತ ಜಾಸ್ತಿ ಕುಡಿಯುತ್ತಿದ್ದರೆ, ಎಂದರೆ 4 ಕೆ.ಜಿ. ಬೆಕ್ಕು 200 ಮಿ.ಲೀ. ದಾಟುತ್ತಿದ್ದರೆ, ಪರೀಕ್ಷೆ ಮಾಡಿಸಲೇಬೇಕು.

ಆದರೆ ಈ ಅಂಕಿಯನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಒಣ ಆಹಾರದ ಕಾಳು ತಿನ್ನುವ ಬೆಕ್ಕು ನೀರು ಜಾಸ್ತಿ ಕುಡಿಯುತ್ತದೆ. ಹಾಲನ್ನ, ಮಜ್ಜಿಗೆ ಅನ್ನ, ಮೀನಿನ ನೀರು ಕಲಸಿದ ಅನ್ನ ತಿನ್ನುವ ಬೆಕ್ಕಿಗೆ ಊಟದಲ್ಲೇ ನೀರು ಸಿಗುತ್ತದೆ. ಅದು ಬಟ್ಟಲ ಹತ್ತಿರ ಹೋಗುವುದೇ ಅಪರೂಪ. ಅಂಥ ಬೆಕ್ಕು ದಿನಕ್ಕೆ 100 ಮಿ.ಲೀ. ಕುಡಿಯಲು ಶುರು ಮಾಡಿದರೂ ಅದು ಬದಲಾವಣೆಯೇ. ಮುಂಚೆ ಹೇಗಿತ್ತು, ಈಗ ಹೇಗಿದೆ, ಇದನ್ನೇ ಮುಖ್ಯವಾಗಿ ನೋಡಿ.

ಹಳ್ಳಿಮನೆಯಲ್ಲಿ ಅಳೆಯುವುದು ಕಷ್ಟ. ಕೊಟ್ಟಿಗೆಯ ಬಾನಿ, ಬಚ್ಚಲ ಹಂಡೆ, ಹೆಂಚಿನ ಅಂಚಿನಿಂದ ಬಕೆಟಿಗೆ ಬಿದ್ದ ನೀರು, ಅಂಗಳದ ಗುಂಡಿ, ಎಲ್ಲ ಕಡೆಯೂ ಬೆಕ್ಕು ಕುಡಿಯುತ್ತದೆ. ಅಲ್ಲಿ ಅಳತೆ ಬಿಡಿ, ನಡವಳಿಕೆ ನೋಡಿ. ಹಿಂದೆ ನೀರಿನ ಕಡೆ ತಿರುಗಿಯೂ ನೋಡದಿದ್ದದ್ದು ಈಗ ಹಂಡೆಯ ಅಂಚಿನ ಮೇಲೆ ಕೂತು ತುಂಬಾ ಹೊತ್ತು ನೆಕ್ಕುತ್ತಿದೆಯೇ? ನಲ್ಲಿ ತಿರುಗಿಸಿದ ಕೂಡಲೇ ಓಡಿ ಬರುತ್ತದೆಯೇ? ರಾತ್ರಿ ಎದ್ದು ಕುಡಿಯುತ್ತದೆಯೇ?

ನಮ್ಮ ಮಲೆನಾಡಿನವರಿಗೆ ಇಲ್ಲೊಂದು ಅನುಕೂಲ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿ, ಗಾಳಿಯಲ್ಲೇ ನೀರಿನ ಪಸೆ. ಆ ದಿನಗಳಲ್ಲಿ ಬೆಕ್ಕು ಬಚ್ಚಲೊಲೆಯ ಪಕ್ಕ ಬಿದ್ದುಕೊಂಡು ಕಡಿಮೆ ನೀರು ಕುಡಿಯಬೇಕು. ಆಷಾಢದ ಮಳೆಯಲ್ಲೂ ಬಟ್ಟಲು ಖಾಲಿ ಮಾಡುತ್ತಿದ್ದರೆ ಅದಕ್ಕೆ ಸೆಕೆ ಕಾರಣ ಅನ್ನುವ ಹಾಗಿಲ್ಲ, ಅಲ್ವಾ?

3. ಉಚ್ಚೆ ಗಮನಿಸಿ

ಮರಳಿನ ಟ್ರೇ ಬಳಸುವ ಬೆಕ್ಕಾದರೆ ಒದ್ದೆ ಉಂಡೆಗಳ ಗಾತ್ರ ನೋಡಿ. ಮೊದಲು ಎರಡೋ ಮೂರೋ ಸಣ್ಣ ಉಂಡೆ ಇದ್ದದ್ದು ಈಗ ದೊಡ್ಡದಾಗಿ, ಸಂಖ್ಯೆಯೂ ಜಾಸ್ತಿಯಾಗಿದ್ದರೆ ಬರೆದುಕೊಳ್ಳಿ. ಮರಳು ಬೇಗ ಮುಗಿಯುತ್ತಿದೆ ಎನ್ನುವುದೂ ಒಂದು ಸುಳಿವೇ.

ತೋಟಕ್ಕೆ ಹೋಗಿ ಬರುವ ಬೆಕ್ಕಾದರೆ ಎರಡು ರಾತ್ರಿ ಒಂದು ಕೋಣೆಯಲ್ಲಿ ಮಲಗಿಸಿ. ಬೇಸಿನ್ನಿನಲ್ಲಿ ಮರಳನ್ನೋ ಮರದ ಹೊಟ್ಟನ್ನೋ ಹಾಕಿಡಿ. ತಣ್ಣಗಾದ ಒಲೆಬೂದಿಯೂ ಆಗುತ್ತದೆ. ಬೆಳಿಗ್ಗೆ ಎಷ್ಟು ಒದ್ದೆಯಾಗಿದೆ ನೋಡಿ. ನೀರು ಮಾತ್ರ ಕೋಣೆಯಲ್ಲಿ ಇದ್ದೇ ಇರಬೇಕು.

ಇದುವರೆಗೆ ಶುಚಿಯಾಗಿದ್ದ ಬೆಕ್ಕು ಹಾಸಿಗೆಯಲ್ಲಿ, ಗೋಣಿಯ ಮೇಲೆ, ಬಚ್ಚಲ ಮೂಲೆಯಲ್ಲಿ ಉಚ್ಚೆ ಮಾಡತೊಡಗಿದರೆ ಬೈದು ಓಡಿಸಬೇಡಿ. ತಡೆಯಲು ಆಗದೆ ಮಾಡಿಕೊಳ್ಳುತ್ತಿರಬಹುದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಉಚ್ಚೆ ಜಾಸ್ತಿ ಮಾಡುತ್ತದೆ ಎಂದು ನೀರು ಕಡಿಮೆ ಇಡಬೇಡಿ. ಇದನ್ನು ಮಾಡುವವರು ತುಂಬಾ ಜನ ಇದ್ದಾರೆ. ನೀರು ಕಡಿಮೆ ಮಾಡಿದರೂ ಉಚ್ಚೆ ಹೋಗುವುದು ನಿಲ್ಲುವುದಿಲ್ಲ, ಏಕೆಂದರೆ ಕಿಡ್ನಿಗೆ ಅದನ್ನು ಹಿಡಿದಿಡುವ ಶಕ್ತಿ ಇಲ್ಲ. ಮೈ ಒಣಗುತ್ತದೆ. ಉಳಿದಿರುವ ಕಿಡ್ನಿಯೂ ಕೆಲವೇ ದಿನದಲ್ಲಿ ಕೈಕೊಡಬಹುದು.

4. ಬಾಯಿ, ಕೂದಲು, ನಡಿಗೆ ನೋಡಿ

ಬೆಕ್ಕು ನಿಮ್ಮ ಮಡಿಲಲ್ಲಿ ಇದ್ದಾಗ ನಿಧಾನವಾಗಿ ನೋಡಿ.

ಕೂದಲು ಒರಟಾಗಿ, ಗಂಟುಗಂಟಾಗಿದ್ದರೆ ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿದೆ ಎಂದರ್ಥ. ಹುಷಾರಿಲ್ಲದ ಬೆಕ್ಕು ಬೇಗ ಬಿಡುವ ಕೆಲಸ ಇದು. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿರಬಹುದು. ಹೊಸ ರಕ್ತಕಣ ಮಾಡಲು ಮೈಗೆ ಸೂಚನೆ ಕೊಡುವ ಹಾರ್ಮೋನ್ ಹುಟ್ಟುವುದು ಕಿಡ್ನಿಯಲ್ಲೇ. ಒಸಡು ಬೆರಳಿಗೆ ಜಿಗುಟಾಗಿ ಹತ್ತಿದರೆ ಮೈಯಲ್ಲಿ ನೀರು ಸಾಲದು. ಕತ್ತಿನ ಚರ್ಮ ಎತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಹಸು, ನಾಯಿಗಳಲ್ಲಿ ಮಾಡುತ್ತಾರೆ. ಮುದಿ ಬೆಕ್ಕಿನ ಚರ್ಮ ಹೇಗೂ ಸಡಿಲ, ಅದನ್ನು ನಂಬಿ ಕೂರಬೇಡಿ.

ಬಾಯಿಂದ ಅಮೋನಿಯಾದಂಥ ಘಾಟು ವಾಸನೆ, ಬಾಯೊಳಗೆ ಹುಣ್ಣು, ಜೊಲ್ಲು, ಊಟದ ಹತ್ತಿರ ಬಂದು ಮೂಸಿ ತುಟಿ ನೆಕ್ಕಿಕೊಂಡು ವಾಪಸ್ ಹೋಗುವುದು, ಬೆಳಿಗ್ಗೆ ನೊರೆ ನೊರೆ ವಾಂತಿ, ಕಲ್ಲಿನಂತೆ ಗಟ್ಟಿಯಾದ ಹೇಲು ಎಲ್ಲವೂ ಕಾಯಿಲೆ ಮುಂದುವರಿದಾಗ ಬರುವ ಲಕ್ಷಣಗಳು. ಇವು ಕಾಣಲಿ ಎಂದು ಕಾಯುತ್ತಾ ಕೂತರೆ ಬೇಗ ಹಿಡಿಯುವ ಅವಕಾಶ ಕೈತಪ್ಪುತ್ತದೆ. ತಲೆ ಎತ್ತಲಾಗದೆ ಗದ್ದ ಎದೆಗೆ ತಾಗುವಂತೆ ಕತ್ತು ಬಾಗಿಸಿಕೊಂಡಿದ್ದರೆ ರಕ್ತದಲ್ಲಿ ಪೊಟ್ಯಾಶಿಯಂ ಬಹಳ ಇಳಿದಿರಬಹುದು. ಅಂದೇ ತೋರಿಸಿ.

ಇದೇ ರೀತಿ ಕಾಣುವ ಬೇರೆ ಕಾಯಿಲೆಗಳೂ ಇವೆ. ಸಕ್ಕರೆ ಕಾಯಿಲೆಯಲ್ಲೂ ನೀರು, ಉಚ್ಚೆ ಜಾಸ್ತಿ, ತೂಕ ಕಡಿಮೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತವೆ. ಥೈರಾಯ್ಡ್ ಜಾಸ್ತಿಯಾದ ಬೆಕ್ಕು ಬಕಬಕನೆ ತಿಂದರೂ ಸಣ್ಣಗಾಗುತ್ತದೆ, ರಾತ್ರಿ ಸುಮ್ನೆ ಕೂಗುತ್ತದೆ. ಹಲ್ಲು ನೋವಿದ್ದರೂ ಊಟ ಬಿಡುತ್ತದೆ. ಮನೆಯಲ್ಲಿ ಕೂತು ಇದು ಕಿಡ್ನಿಯೇ ಎಂದು ತೀರ್ಮಾನಿಸಲು ಆಗುವುದಿಲ್ಲ.

5. ಇವು ಕಂಡರೆ ಬೆಳಗಾಗುವ ತನಕವೂ ಕಾಯಬೇಡಿ

ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಉಚ್ಚೆ ಬಾರದಿದ್ದರೆ, ಅಥವಾ ಹನಿ ಹನಿ ಬಂದು ಕೂಗುತ್ತಿದ್ದರೆ, ಮೂತ್ರದ ದಾರಿ ಕಟ್ಟಿಕೊಂಡಿರಬಹುದು. ಇದನ್ನು ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾ ಕೂತು ಬೆಕ್ಕು ಕಳೆದುಕೊಂಡವರಿದ್ದಾರೆ. ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ.

ಕಣ್ಣು ಇದ್ದಕ್ಕಿದ್ದಂತೆ ಕಾಣದಾಗಿ, ಪಾಪೆ ದೊಡ್ಡದಾಗಿ, ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ರಕ್ತದೊತ್ತಡ ಏರಿ ಕಣ್ಣಿನ ಒಳಪೊರೆ ಬಿಟ್ಟುಕೊಂಡಿರಬಹುದು. ಕಿಡ್ನಿ ಕಾಯಿಲೆಯ ಬೆಕ್ಕುಗಳಿಗೆ ಬಿ.ಪಿ. ಏರುವುದು ಸಾಮಾನ್ಯ. ಬೇಗ ಔಷಧ ಶುರು ಮಾಡಿದರೆ ಸ್ವಲ್ಪ ದೃಷ್ಟಿ ಉಳಿಯುವ ಸಾಧ್ಯತೆ ಇದೆ.

ಫಿಟ್ಸ್ ಬಂದರೆ, ಪದೇ ಪದೇ ವಾಂತಿಯಾಗಿ ನೀರೂ ನಿಲ್ಲದಿದ್ದರೆ, ಒಂದು ಇಡೀ ದಿನ ಏನೂ ತಿನ್ನದಿದ್ದರೆ ಆಗಲೂ ಅಷ್ಟೇ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಇನ್ನೊಂದು ಕಾಯಿಲೆ ಸೇರಿಕೊಳ್ಳುತ್ತದೆ.

6. ಡಾಕ್ಟರ ಹತ್ತಿರ ಹೋಗುವುದು

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಪೇಟೆಯಲ್ಲಿ ಖಾಸಗಿ ಕ್ಲಿನಿಕ್‌ಗಳೂ ಇವೆ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆಗಳ ಕೆಲಸವೇ ಜಾಸ್ತಿ. ಆದರೂ ಮೊದಲು ಅಲ್ಲಿಗೇ ಹೋಗುವುದು ತಪ್ಪಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಎರಡು ವಿಷಯ ಕೇಳಿ: ಬೆಕ್ಕಿನ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರಾ, ಬಿ.ಪಿ. ನೋಡುವ ವ್ಯವಸ್ಥೆ ಇದೆಯಾ. ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ 60–70 ಕಿ.ಮೀ. ಬಂದು ಬರಿಗೈಯಲ್ಲಿ ವಾಪಸ್ ಹೋಗುವುದು ತಪ್ಪುತ್ತದೆ.

ಗೋಣಿಚೀಲದಲ್ಲಿ ಕಟ್ಟಿ ತರಬೇಡಿ. ಉಸಿರುಗಟ್ಟುತ್ತದೆ, ಹೆದರಿಕೆಯಿಂದ ಬಿ.ಪಿ. ಕೂಡ ಏರುತ್ತದೆ. ಮುಚ್ಚಳ ಇರುವ ಬುಟ್ಟಿ ಸಾಕು. ಒಳಗೆ ಮನೆಯ ಹಳೆ ಬಟ್ಟೆ ಹಾಕಿ, ಮೇಲೆ ತೆಳು ಬಟ್ಟೆ ಮುಚ್ಚಿ. ಘಾಟಿ ರಸ್ತೆಯಲ್ಲಿ ವಾಂತಿ ಮಾಡಬಹುದು, ಇನ್ನೊಂದು ಬಟ್ಟೆ ಇಟ್ಟುಕೊಳ್ಳಿ. ಬುಟ್ಟಿಯನ್ನು ಎರಡು ದಿನ ಮುಂಚೆಯೇ ಜಗಲಿಯಲ್ಲಿ ತೆರೆದಿಟ್ಟರೆ ಬೆಕ್ಕು ತಾನೇ ಹೋಗಿ ಮಲಗಿ ರೂಢಿ ಮಾಡಿಕೊಳ್ಳುತ್ತದೆ.

ತೂಕದ ನೋಟ್‌ಬುಕ್, ಈಗ ಕೊಡುತ್ತಿರುವ ಎಲ್ಲ ಔಷಧಗಳ ಪಟ್ಟಿ, ವಿಚಿತ್ರವಾಗಿ ನಡೆದದ್ದರ ಒಂದು ವೀಡಿಯೋ ತೆಗೆದುಕೊಂಡು ಹೋಗಿ. ರಕ್ತ ಪರೀಕ್ಷೆಗೆ ಊಟ ನಿಲ್ಲಿಸಬೇಕಾ ಎಂದು ಕೇಳಿಕೊಳ್ಳಿ. ನೀರನ್ನು ಮಾತ್ರ ನಿಲ್ಲಿಸಬೇಡಿ.

ಮಾಡಿಸಬೇಕಾದ ಪರೀಕ್ಷೆಗಳು ಇವು. ರಕ್ತದಲ್ಲಿ ಕ್ರಿಯಾಟಿನಿನ್, ಯೂರಿಯಾ, ರಂಜಕ ಅಂದರೆ ಫಾಸ್ಫರಸ್, ಪೊಟ್ಯಾಶಿಯಂ, ಸಕ್ಕರೆ, ರಕ್ತಕಣಗಳ ಎಣಿಕೆ. ಸಿಗುವ ಕಡೆ ಎಸ್‌ಡಿಎಂಎ ಕೂಡ ಮಾಡಿಸಿ. ಇದು ಕ್ರಿಯಾಟಿನಿನ್‌ಗಿಂತ ಬೇಗ ಏರುವ, ಸ್ನಾಯು ಕರಗಿದ್ದರೂ ಮೋಸ ಮಾಡದ ಸೂಚಕ. ಮೂತ್ರದಲ್ಲಿ ಸಾಂದ್ರತೆ ಮತ್ತು ಪ್ರೋಟೀನ್. ಬಿ.ಪಿ. ಹೊಟ್ಟೆಯ ಸ್ಕ್ಯಾನ್ ಬೇಕೋ ಬೇಡವೋ ಡಾಕ್ಟರು ಹೇಳುತ್ತಾರೆ.

ಮೂತ್ರ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ. ನೀರು ಉಳಿಸುವ ಶಕ್ತಿ ಹೋಗಿದೆಯೋ ಇಲ್ಲವೋ ಎಂದು ನೇರವಾಗಿ ಹೇಳುವುದು ಅದೇ. ಬರೀ ನೀರಿನ ಸಾಂದ್ರತೆ 1.000 ಎಂದಿಟ್ಟುಕೊಂಡರೆ, ಆರೋಗ್ಯದ ಬೆಕ್ಕಿನ ಮೂತ್ರದ ಸಾಂದ್ರತೆ ಸಾಮಾನ್ಯವಾಗಿ 1.035ಕ್ಕಿಂತ ಮೇಲೆ ಇರುತ್ತದೆ. ಮನೆಯಲ್ಲೇ ಹಿಡಿಯುವುದಾದರೆ ಟ್ರೇಯನ್ನು ಚೆನ್ನಾಗಿ ತೊಳೆದು, ಸೋಪು ಉಳಿಯದಂತೆ ಒಣಗಿಸಿ, ಖಾಲಿ ಇಡಿ. ಮಾಡಿದ ಕೂಡಲೇ ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು ಮುಚ್ಚಳದ ಡಬ್ಬಿಗೆ ಹಾಕಿ, ಅದೇ ದಿನ ಮುಟ್ಟಿಸಿ. ತಡವಾಗುವುದಾದರೆ ಫ್ರಿಜ್‌ನಲ್ಲಿಡಿ. ಸೋಂಕು ಇದೆಯೇ ಎಂದು ನೋಡಬೇಕಾದರೆ ಡಾಕ್ಟರೇ ಹೊಟ್ಟೆಯ ಮೂಲಕ ಸೂಜಿಯಿಂದ ತೆಗೆಯುತ್ತಾರೆ. ನೋಡಲು ಭಯವಾಗುತ್ತದೆ, ಬೆಕ್ಕಿಗೆ ಅಷ್ಟು ನೋವಾಗುವುದಿಲ್ಲ.

7. ರಿಪೋರ್ಟ್ ಓದುವಾಗ ಎಡವುವ ಜಾಗಗಳು

ನಮ್ಮ ಕಡೆ ಬೆಕ್ಕಿನ ರಕ್ತ ಎಷ್ಟೋ ಸಲ ಮನುಷ್ಯರ ಲ್ಯಾಬಿಗೆ ಹೋಗುತ್ತದೆ. ಅಂಕಿ ಸರಿಯಾಗಿಯೇ ಬರಬಹುದು. ಆದರೆ ಪಕ್ಕದಲ್ಲಿ ಅಚ್ಚಾಗಿರುವ "ನಾರ್ಮಲ್" ಮನುಷ್ಯರದ್ದು. ಕ್ರಿಯಾಟಿನಿನ್ 1.4 ಬಂದರೆ ಆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ "ಹೈ" ಎಂದಿರುತ್ತದೆ. ಬೆಕ್ಕಿಗೆ ಅದು ಸರಿಯಾದ ಮಟ್ಟವೇ.

ಇನ್ನೊಂದು ಗೊಂದಲ ಯೂರಿಯಾದ್ದು. ಮನುಷ್ಯರ ಲ್ಯಾಬ್‌ಗಳು ಬಹಳ ಕಡೆ ಪೂರ್ತಿ ಯೂರಿಯಾ ಬರೆಯುತ್ತವೆ. ಪಶುವೈದ್ಯರ ಪಟ್ಟಿಗಳಲ್ಲಿ ಬಿಯುಎನ್ ಇರುತ್ತದೆ, ಎಂದರೆ ಯೂರಿಯಾದಲ್ಲಿರುವ ನೈಟ್ರೋಜನ್ ಮಾತ್ರ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ. ಇದು ಗೊತ್ತಿಲ್ಲದೆ ಇಂಟರ್‌ನೆಟ್ಟಿನಲ್ಲಿ ಹುಡುಕಿದವರು ಕಾಯಿಲೆ ಎರಡು ಪಟ್ಟು ಇದೆ ಎಂದು ಗಾಬರಿಯಾಗುತ್ತಾರೆ.

ಬೆಕ್ಕಿನ ಕಿಡ್ನಿ ಕಾಯಿಲೆಯನ್ನು ಜಗತ್ತಿನ ಎಲ್ಲ ಕಡೆ ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಕ್ರಿಯಾಟಿನಿನ್ 1.6ಕ್ಕಿಂತ ಕಡಿಮೆ ಇದ್ದು ಬೇರೆ ಕಡೆ ಕಿಡ್ನಿ ತೊಂದರೆಯ ಗುರುತು ಇದ್ದರೆ ಒಂದನೇ ಹಂತ. 1.6ರಿಂದ 2.8 ಎರಡನೇ ಹಂತ. 2.9ರಿಂದ 5.0 ಮೂರನೇ ಹಂತ. ಅದಕ್ಕೂ ಮೇಲೆ ನಾಲ್ಕನೆಯದು. ಎಲ್ಲವೂ 100 ಮಿ.ಲೀ. ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ. ಮೈ ಒಣಗಿದಾಗ ಅಂಕಿ ಸುಳ್ಳೇ ಏರುತ್ತದೆ. ಡ್ರಿಪ್ಸ್ ಹಾಕಿ ಚೇತರಿಸಿಕೊಂಡ ಮೇಲೆ ಮತ್ತೊಮ್ಮೆ ನೋಡಿಯೇ ಹಂತ ನಿರ್ಧರಿಸಬೇಕು. ಒಂದೇ ಒಂದು ರಿಪೋರ್ಟ್ ಹಿಡಿದು ಆಸೆ ಬಿಡಬೇಡಿ. ಅದೇ ರೀತಿ ಎಲುಬು ಕಾಣುವಷ್ಟು ಸೊರಗಿದ ಬೆಕ್ಕಿನ ಕ್ರಿಯಾಟಿನಿನ್ ಕಡಿಮೆ ಬಂದರೆ ಪೂರ್ತಿ ನಂಬಲೂ ಬೇಡಿ. ಸ್ನಾಯುವೇ ಇಲ್ಲದಿದ್ದರೆ ಅದು ಬರುವುದೆಲ್ಲಿಂದ?

ಬಿ.ಪಿ.ಯ ಮೇಲಿನ ಅಂಕಿ 160 ದಾಟಿ ಹಾಗೇ ನಿಂತರೆ ಔಷಧ ಬೇಕಾಗುತ್ತದೆ. ಬೆಕ್ಕುಗಳಿಗೆ ಹೆಚ್ಚಾಗಿ ಕೊಡುವುದು ಮನುಷ್ಯರಿಗೂ ಕೊಡುವ ಆಮ್ಲೋಡಿಪಿನ್. ಅಜ್ಜನ ಡಬ್ಬಿಯಲ್ಲಿ ಅದೇ ಮಾತ್ರೆ ಇದೆ ಎಂದು ನೀವಾಗಿಯೇ ಕೊಡಬೇಡಿ. ಬೆಕ್ಕಿಗೆ ಬೇಕಾಗುವುದು ಅದರ ಒಂದು ಚೂರು, ಆ ಚೂರು ಎಷ್ಟೆಂದು ಡಾಕ್ಟರೇ ಹೇಳಬೇಕು.

8. ಕಾಯಿಲೆ ಇದೆ ಎಂದಾದ ಮೇಲೆ ಮನೆಯಲ್ಲಿ

ಮೊದಲು ನೀರು. ಮನೆಯ ಮೂರು ನಾಲ್ಕು ಕಡೆ ಅಗಲ ಬಟ್ಟಲಲ್ಲಿ ಇಡಿ, ದಿನಾ ಬದಲಾಯಿಸಿ. ಊಟಕ್ಕೂ ಬೆಚ್ಚಗಿನ ನೀರು ಕಲಸಿ. ನೀರಿನ ಬದಲು ಹಾಲು ಎನ್ನುವುದು ಬೇಡ. ದೊಡ್ಡ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಭೇದಿಯಾದರೆ ಇದ್ದ ನೀರೂ ಹೋಗುತ್ತದೆ.

ಊಟದಲ್ಲಿ ಮುಖ್ಯವಾಗಿ ಕಡಿಮೆ ಮಾಡಬೇಕಾದದ್ದು ಫಾಸ್ಫರಸ್. ಕಿಡ್ನಿ ಅದನ್ನು ಹೊರಹಾಕಲಾರದು, ಸೇರಿಕೊಂಡಷ್ಟೂ ಕಾಯಿಲೆ ಬೇಗ ಮುಂದುವರಿಯುತ್ತದೆ. ಇದಕ್ಕೆಂದೇ ಮಾಡಿದ ರೀನಲ್ ಆಹಾರ ಸಿಗುತ್ತದೆ, ದುಬಾರಿ, ಆದರೆ ಉಪಯೋಗ ನಿಜ. ಒಮ್ಮೆಲೇ ಬದಲಾಯಿಸಬೇಡಿ. ಹಳೆಯ ಊಟಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳಿ. ಹೊಟ್ಟೆ ತೊಳಸುತ್ತಿರುವಾಗ ಹೊಸ ಊಟ ಇಟ್ಟರೆ ಬೆಕ್ಕು ಅದನ್ನು ಶಾಶ್ವತವಾಗಿ ದ್ವೇಷಿಸುತ್ತದೆ. ಮೊದಲು ವಾಂತಿ ನಿಲ್ಲಲಿ.

ಕೊಳ್ಳಲು ಆಗದವರು ಡಾಕ್ಟರನ್ನು ಕೇಳಿ ಮನೆಯೂಟ ಹೊಂದಿಸಿಕೊಳ್ಳಿ. ಒಣಮೀನು, ಒಣಸೀಗಡಿ, ಎಲುಬು, ಮೀನಿನ ಮುಳ್ಳು-ತಲೆ ನಿಲ್ಲಿಸಿ. ಮಳೆಗಾಲದಲ್ಲಿ ಘಟ್ಟದ ಕೆಳಗಿನಿಂದ ಹಸಿ ಮೀನು ಬರುವುದು ಕಡಿಮೆಯಾದಾಗ ನಮ್ಮ ಕಡೆ ಬೆಕ್ಕಿಗೂ ಒಣಮೀನೇ ಊಟ. ಅದರಲ್ಲಿ ಉಪ್ಪೂ ಜಾಸ್ತಿ, ಫಾಸ್ಫರಸ್ಸೂ ಜಾಸ್ತಿ. ಎಲುಬಿಲ್ಲದ ಬೇಯಿಸಿದ ಕೋಳಿ ಮಾಂಸ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಇದಕ್ಕಿಂತ ಒಳ್ಳೆಯದು. ಮೊಟ್ಟೆಯ ಬಿಳಿಯಲ್ಲಿ ಫಾಸ್ಫರಸ್ ತೀರಾ ಕಡಿಮೆ. ಸಸ್ಯಾಹಾರಿ ಮನೆಯವರಿಗೂ ಒಂದು ಮಾತು. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಅನ್ನ, ಬೇಳೆಯಲ್ಲಿ ಇಲ್ಲ. ಕಾಯಿಲೆಯ ಬೆಕ್ಕನ್ನು ಬರೀ ಮೊಸರನ್ನದ ಮೇಲೆ ಸಾಕಿದರೆ ಸ್ನಾಯು ಕರಗುತ್ತದೆ. ಮನೆಯೊಳಗೆ ಮಾಂಸ ಬೇಡ ಎನ್ನುವವರಿಗೆ ಪ್ಯಾಕೆಟ್‌ನಲ್ಲಿ ಬರುವ ರೀನಲ್ ಆಹಾರ ಒಳ್ಳೆಯ ದಾರಿ.

ಆದರೆ ಯಾವ ಊಟವನ್ನೂ ಮುಟ್ಟದಿದ್ದರೆ ಹಠ ಬೇಡ. ಏನೂ ತಿನ್ನದಿರುವುದಕ್ಕಿಂತ ಹಳೆಯ ಊಟ ತಿನ್ನುವುದು ಮೇಲು.

ಮೂರನೇ, ನಾಲ್ಕನೇ ಹಂತದಲ್ಲಿ ಚರ್ಮದ ಅಡಿಗೆ ಡ್ರಿಪ್ಸ್ ಕೊಡುವುದನ್ನು ಡಾಕ್ಟರು ಕಲಿಸಿಕೊಡಬಹುದು. ಹೆಚ್ಚಾಗಿ ರಿಂಗರ್ ಲ್ಯಾಕ್ಟೇಟ್ ಎಂಬ ದ್ರವ. ಹೆಗಲ ಮೂಳೆಗಳ ನಡುವಿನ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚುತ್ತಾರೆ. ಕಲಿತರೆ ವಾರಕ್ಕೆರಡು ಸಲ ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ. ಪ್ರತಿ ಸಲ ಹೊಸ ಸೂಜಿ. ಮಲೆನಾಡಿನ ಚಳಿಯಲ್ಲಿ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ನಿಮ್ಮ ಮಣಿಕಟ್ಟಿಗೆ ಬಿಸಿಯೂ ತಣ್ಣಗೂ ಅನ್ನಿಸದಂತೆ ಮಾಡಿಕೊಳ್ಳಿ. ಕೊಟ್ಟ ಮೇಲೆ ಬೆನ್ನಿನಲ್ಲಿ ಗಡ್ಡೆಯ ಹಾಗೆ ಉಬ್ಬುತ್ತದೆ, ಕೆಲವು ಸಲ ಮುಂಗಾಲಿಗೆ ಇಳಿಯುತ್ತದೆ. ಕೆಲವು ಗಂಟೆಯಲ್ಲಿ ಮೈಗೆ ಸೇರುತ್ತದೆ, ಹೆದರಬೇಡಿ. ಉಸಿರು ಜೋರಾದರೆ ಮಾತ್ರ ತಕ್ಷಣ ನಿಲ್ಲಿಸಿ ಫೋನ್ ಮಾಡಿ. ಜಾಸ್ತಿ ಕೊಟ್ಟರೆ ಬೇಗ ಗುಣ ಎಂದು ಅಳತೆ ಮೀರಬೇಡಿ, ಹೃದಯಕ್ಕೆ ಹೊರೆಯಾಗುತ್ತದೆ. ದ್ರವ ಮಸುಕಾಗಿ ಕಂಡರೆ ಎಸೆದುಬಿಡಿ.

9. ಇವನ್ನು ಕೊಡಲೇಬೇಡಿ

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಸಾಕು ಪ್ರಾಣ ತೆಗೆಯಲು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ನೇರವಾಗಿ ಕಿಡ್ನಿಯನ್ನು ಹಾಳು ಮಾಡುತ್ತವೆ. ದನಕ್ಕೆ ತಂದಿಟ್ಟ ನೋವಿನ ಔಷಧವೂ ಬೇಡ.

ಬಾಳೆದಿಂಡಿನ ರಸ, ಹುರುಳಿಕಟ್ಟು, ಬಾರ್ಲಿ ನೀರು "ಕಿಡ್ನಿಗೆ ಒಳ್ಳೇದು" ಎಂದು ಕುಡಿಸುವವರಿದ್ದಾರೆ. ಅವು ಮನುಷ್ಯರ ಮೂತ್ರದ ಕಲ್ಲಿಗೆ ಹೇಳುವ ಮನೆಮದ್ದು. ಇದು ಕಲ್ಲಿನ ಕಾಯಿಲೆಯಲ್ಲ. ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ರಕ್ತಕಣಗಳನ್ನು ಒಡೆಯುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಬೆಕ್ಕಿಗೆ ಅದು ಇನ್ನೂ ಅಪಾಯ.

ಮನೆಯ ಸುತ್ತ ಮೂರು ವಸ್ತುಗಳ ಮೇಲೆ ಕಣ್ಣಿಡಿ. ಬೊಕೆಗಳಲ್ಲಿ ಬರುವ ದೊಡ್ಡ ಲಿಲ್ಲಿ ಹೂ ಮತ್ತು ಹೂತೋಟದ ಡೇ ಲಿಲ್ಲಿ: ಎಲೆ, ಪರಾಗ, ಹೂದಾನಿಯ ನೀರು ಯಾವುದು ಹೊಟ್ಟೆಗೆ ಹೋದರೂ ಎಳೆಯ ಬೆಕ್ಕಿನ ಕಿಡ್ನಿಯೂ ಎರಡು ಮೂರು ದಿನದಲ್ಲಿ ನಿಂತುಹೋಗಬಹುದು. ತಿಂದದ್ದು ಕಂಡ ಕೂಡಲೇ, ಲಕ್ಷಣಕ್ಕೆ ಕಾಯದೆ, ಹೊರಡಿ. ಗಾಡಿಯ ರೇಡಿಯೇಟರಿನ ಕೂಲಂಟ್ ನೆಲಕ್ಕೆ ಚೆಲ್ಲಿದ್ದರೆ ತೊಳೆಯಿರಿ. ಅಡಿಕೆಗೆ ಕೊಳೆರೋಗದ ಔಷಧ ಬೋರ್ಡೋ ಹೊಡೆಯುವ ದಿನಗಳಲ್ಲಿ ಮೈಲುತುತ್ತಿನ ಡ್ರಮ್ಮು, ಬಕೆಟ್ಟುಗಳನ್ನು ಮುಚ್ಚಿಡಿ. ಬಾಯಾರಿದ ಬೆಕ್ಕು ಎಲ್ಲಿ ನೀರು ಕಂಡರೂ ಬಾಯಿ ಹಾಕುತ್ತದೆ.

10. ಮುಂದಿನ ತಪಾಸಣೆ

ಎರಡನೇ ಹಂತದಲ್ಲಿ ಸ್ಥಿರವಾಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ, ಬಿ.ಪಿ. ನೋಡಿಸಿ. ಮೂರು, ನಾಲ್ಕನೇ ಹಂತದಲ್ಲಿ ಒಂದರಿಂದ ಮೂರು ತಿಂಗಳಿಗೊಮ್ಮೆ, ಅಥವಾ ಡಾಕ್ಟರು ಹೇಳಿದಷ್ಟು ಬೇಗ. ಮನೆಯ ತೂಕವನ್ನು ಈಗ ವಾರಕ್ಕೊಮ್ಮೆ ಮಾಡಿ. ಜೋರು ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವ ಊರಿನವರು ಜೂನ್ ಶುರುವಾಗುವ ಮುಂಚೆಯೇ ಒಂದು ತಪಾಸಣೆ ಮುಗಿಸಿಕೊಂಡು, ಎರಡು ತಿಂಗಳಿಗೆ ಆಗುವಷ್ಟು ಔಷಧ, ಡ್ರಿಪ್ಸ್ ಬಾಟಲಿ, ಸೂಜಿಗಳನ್ನು ತಂದಿಟ್ಟುಕೊಳ್ಳಿ. ಡಾಕ್ಟರ ಫೋನ್ ನಂಬರನ್ನು ಅದೇ ತೂಕದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ. ನೀವಿಲ್ಲದ ಹೊತ್ತಿನಲ್ಲಿ ಮನೆಯಲ್ಲಿರುವವರಿಗೆ ಬೇಕಾಗುತ್ತದೆ.